ಎಲ್ಲಿ? ಎಷ್ಟು ಜನ?

ಉಲಾನ್‌ಬಾತರಿನಲ್ಲಿ ಜನವರಿ ಎಂದರೆ
ಮೂಗಿನ ಕೂದಲೂ ಗಾಜಾಗುವ ತಿಂಗಳು.
ಕಲ್ಲಿದ್ದಲ ಹೊಗೆ ಬೀದಿದೀಪವನ್ನು ಅರ್ಧ ನುಂಗಿ ನಿಂತಿದೆ.
ಔಷಧಿ ಅಂಗಡಿಯ ಕೆಳಗಿನ ನೆಲಮಾಳಿಗೆಯಲ್ಲಿ ಮಾತ್ರ
ಇಪ್ಪತ್ತು ಕಂಪ್ಯೂಟರುಗಳ ಬಿಸಿ.
ಐದು ಕುರ್ಚಿ ನಮ್ಮವು, ರಾತ್ರಿ ಹತ್ತರಿಂದ ಎರಡರವರೆಗೆ.

ಮೂರು, ಹನ್ನೊಂದು.
ನಾವು ಮೂರು.

ನಾಲ್ವರು ಉಳಿದಿದ್ದೆವು, ಎದುರಿಗೆ ಇಬ್ಬರೇ.
ಮಗ್ಗಿ ಬಾರದ ಮಗುವೂ ಗೆಲ್ಲುವ ಲೆಕ್ಕ.
ಸೋತದ್ದು ಹೇಗೆಂದು ಆಮೇಲೆ ರೆಕಾರ್ಡಿಂಗ್ ಹಾಕಿದೆ,
ಸ್ಕ್ರೀನಿಗೆ ಬೆನ್ನು ಮಾಡಿ, ಬರೀ ಕಿವಿಗೊಟ್ಟು.

ಸಂತೆ.
ಸತ್ತುಬಿದ್ದ ದಾಶ್ನ್ಯಾಮ್ ಬದುಕಿದ್ದಾಗಿನಕಿಂತ ಹೆಚ್ಚು ಮಾತಾಡುತ್ತಿದ್ದಾನೆ:
ಅವನ ಗುಂಡು ತಾಗಿತ್ತಂತೆ, ಮೌಸ್ ಹಳೆಯದಂತೆ,
ಸಾರುಲ್ ಸ್ಮೋಕ್ ಎಸೆದದ್ದು ತಡವಂತೆ.
ಸಾರುಲ್ ಅದಕ್ಕೆ ಜವಾಬು ಕೊಡುತ್ತ ಕೊಡುತ್ತ
ಬಾಗಿಲಿಗೆ ಬೆನ್ನು ಹಾಕಿದ್ದಾಳೆ.
ತ್ಸೆಲ್ಮೆಗ್ "ಹೋಗೋಣ", ನಾನು "ತಡಿ".
ಮತ್ತೆ ತ್ಸೆಲ್ಮೆಗ್ "ತಡಿ", ನಾನು "ಹೋಗೋಣ".
ಬಾಂಬ್ ಮಾತ್ರ ತನ್ನ ಪಾಡಿಗೆ ತಾನು
ಟಿಕ್ ಟಿಕ್ ಎನ್ನುತ್ತಿದೆ, ಒಂದೇ ಮಾತಿನ ಮನುಷ್ಯನ ಹಾಗೆ.

ಮತ್ತೆ, ಬ್ಯಾಂಬಾ.
ಹನ್ನೊಂದು ಸೆಕೆಂಡು ಅವನ ಮೈಕಿನಲ್ಲಿ ಬರೀ ಉಸಿರು.
ಹೆಜ್ಜೆ ಸದ್ದು ಅವನಿಗೆ ಕೇಳಿಸಿತ್ತು. ಎಡಗಡೆ, ಏಣಿಯ ಬುಡ.
"ಯಾಕೋ ಹೇಳಲಿಲ್ಲ?"
ಉಪ್ಪು ಚಹಾದ ಲೋಟ ತಿರುಗಿಸುತ್ತ ಕೂತ, ತುಸು ಹೊತ್ತು.
"ಕಳೆದ ವಾರ ಹೇಳಿದ್ದೆ. ತಪ್ಪಾಗಿತ್ತು.
ನೀನು ನಕ್ಕಿದ್ದೆ, ಅಕ್ಕ."

ನಕ್ಕಿದ್ದೆ. ನೆನಪಿದೆ.

ಹಗಲು ನನ್ನ ಕೆಲಸ ಆಂಬುಲೆನ್ಸ್ ಕಚೇರಿಯ ಫೋನು ಎತ್ತುವುದು.
ಜನ ಮೊದಲು ಅಳುತ್ತಾರೆ, ಆಮೇಲೆ ಬೈಯುತ್ತಾರೆ:
ಗಂಡನನ್ನು, ರಸ್ತೆಯನ್ನು, ನನ್ನನ್ನು.
ನಾನು ಕೇಳುವುದು ಎರಡೇ. ಎಲ್ಲಿ? ಎಷ್ಟು ಜನ?
ಗಾಬರಿಯಲ್ಲಿ ವಿಳಾಸ ತಪ್ಪು ಹೇಳಿದ ಯಾವ ಮುದುಕಿಗೂ
ಒಂದು ದಿನವೂ ನಕ್ಕವಳಲ್ಲ.
ತಪ್ಪು ವಿಳಾಸವೂ ಒಂದು ವಿಳಾಸವೇ,
ಹೊರಟ ಗಾಡಿಯನ್ನು ನಡುದಾರಿಯಲ್ಲಿ ತಿರುಗಿಸಬಹುದು.
ಹೊರಡದೇ ಇರುವುದನ್ನು ತಿರುಗಿಸುವುದು ಎಲ್ಲಿಂದ?

ಇಷ್ಟು ಬಲ್ಲವಳು
ಮೆಟ್ಟಿಲಿಳಿದು ಬಂದು ಹೆಡ್‌ಸೆಟ್ ಹಾಕಿಕೊಂಡೊಡನೆ
ಫೋನಿನ ಆಚೆ ತುದಿಯಲ್ಲಿ ಕಿರುಚುವವಳಾಗುತ್ತೇನೆ.

ಮಾತು ಆಡಿದರೆ ಹೋಯಿತು ಎನ್ನುತ್ತಾರೆ.
ಇಲ್ಲಿ ಆಡದಿದ್ದರೂ ಹೋಯಿತು,
ಆಡಿದ್ದು ಒಂದು ಗೇಣು ಉದ್ದವಾದರೂ ಹೋಯಿತು.

ಮರುದಿನದ ಆಟ. ಆರನೇ ರೌಂಡೋ ಏಳನೆಯದೋ.
ಬ್ಯಾಂಬಾನ ದನಿ, ಕೀರಲು, ಅರೆಮನಸ್ಸಿನದು:
"ಬಲ. ಒಬ್ಬ. ಇರಬಹುದು."
ಆ 'ಇರಬಹುದು' ಹಿಡಿದು ಜಗ್ಗಲು ದಾಶ್ನ್ಯಾಮ್ ಬಾಯಿ ತೆರೆದ.
ತೆರೆದ ಬಾಯಿಯನ್ನು, ನನ್ನ ಕಣ್ಣನ್ನೇ ನಂಬಲಾರೆ, ಮುಚ್ಚಿದ.
ನಾನಂದೆ, "ಬಲಕ್ಕೆ. ಎಲ್ಲರೂ."
ಹೋದೆವು.
ಬಲದಲ್ಲಿ ನರಪಿಳ್ಳೆಯೂ ಇರಲಿಲ್ಲ.
ಖಾಲಿ ಗೋಡೆಗೆ ಐದು ಬಂದೂಕು ಗುರಿಯಿಟ್ಟು ನಿಂತೆವು,
ಮದುವೆಯ ಗ್ರೂಪ್ ಫೋಟೋಕ್ಕೆ ನಿಂತವರಂತೆ.

ಆದರೆ ಐವರೂ ಅಲ್ಲೇ ಇದ್ದೆವಲ್ಲ.
ಎಡದಿಂದ ಸದ್ದು ಬಂದಾಗ ಐವರೂ ತಿರುಗಿದೆವು,
ಒಬ್ಬಳ ಬೆನ್ನು ಇನ್ನೊಬ್ಬನ ಕಣ್ಣಲ್ಲಿತ್ತು.
ಐದು ಸರಿಗಳು ಐದು ದಿಕ್ಕಿಗೆ ಹೋಗಿ ಸತ್ತದ್ದನ್ನು
ಎಷ್ಟೋ ಸಲ ಕಂಡಿದ್ದೇನೆ.
ಒಂದೇ ತಪ್ಪಿನೊಳಗೆ ಎಲ್ಲರೂ ಹಿಡಿಸಿದ್ದು ಅದೇ ಮೊದಲು.

ಆ ರೌಂಡ್ ಗೆದ್ದೆವು.
ಆಟ ಸೋತೆವು, ಒಂಬತ್ತು ಹದಿಮೂರು.
ಬ್ಯಾಂಬಾಗೆ ನಾನು ಕ್ಷಮೆ ಕೇಳಲಿಲ್ಲ,
ಅವನ ಲೋಟಕ್ಕೆ ಇನ್ನಷ್ಟು ಚಹಾ ಬಗ್ಗಿಸಿದೆ.

ಎರಡು ಗಂಟೆಗೆ ಮೇಲೆ ಬಂದರೆ ಮೈನಸ್ ಮೂವತ್ತೊಂದು.
ಟ್ಯಾಕ್ಸಿಗೆ ದುಡ್ಡು ಯಾರ ಹತ್ತಿರವೂ ಇಲ್ಲ.
ಮಫ್ಲರಿನ ಒಳಗಿಂದ ಬ್ಯಾಂಬಾ:
"ಎಡ. ಮಂಜುಗಡ್ಡೆ. ಎರಡು ಹೆಜ್ಜೆ."
ಯಾಕೆ, ಏನು ಎನ್ನದೆ ಬಲಕ್ಕೆ ಸರಿದೆವು,
ದಾಶ್ನ್ಯಾಮ್ ಒಬ್ಬನ ಹೊರತು.
ಅವನು ಅಂಗಾತ ಬಿದ್ದು, ನಕ್ಷತ್ರವಿಲ್ಲದ ಹೊಗೆಗೆ ಮುಖಮಾಡಿ,
ತಪ್ಪೆಲ್ಲ ಬೂಟಿನದೇ ಎಂದು ವಿವರಿಸತೊಡಗಿದ.

"ಸತ್ತವರು ಸುಮ್ಮನಿರಬೇಕು" ಎಂದಳು ಸಾರುಲ್,
ಕೈಗವಸು ಬಿಚ್ಚಿ ಕೈ ಚಾಚುತ್ತ.